ಹೊಂಡದ ಬದಿಯ ಚಪ್ಪರ

ಮನೆಗೆ ಗೋಡೆ ಇರುತ್ತದೆ, ಬಾಗಿಲಿರುತ್ತದೆ, ಬಾಗಿಲಿಗೆ ಕೀಲಿ ಇರುತ್ತದೆ. ಆದ್ದರಿಂದ ಅದು ನಮ್ಮದೆಂದು ಎಲ್ಲರೂ ಒಪ್ಪುತ್ತಾರೆ. ನೆರಳಿನ ವಿಷಯ ಹಾಗಲ್ಲ. ಕಣ್ಣು ಹಾಯುವಷ್ಟು ದೂರ ಎರೆಹೊಲವೇ ಇರುವ ನಮ್ಮ ಮೊರಬದಲ್ಲಿ ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹೊದಿಸಿದರೆ, ಅದು ಯಾರದೆಂದು ಯಾರೂ ಕೇಳುವುದಿಲ್ಲ. ಬಂದು ಕೂಡುತ್ತಾರೆ. ಇದನ್ನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ, ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ನನ್ನ ಹೆಂಡತಿ ನೀಲವ್ವ ಕಲಘಟಗಿ ಕಡೆಯ ಬಮ್ಮಿಗಟ್ಟಿಯವಳು. ಬಾವಿಗೆ ಹಾರಿ ಹಾರಿ ಬೆಳೆದವಳನ್ನು ಮದುವೆಯಾಗಿ, ಕೆರೆಯಲ್ಲಿ ಕಾಲು ಅದ್ದಿದರೂ ಊರೆಲ್ಲ ಬೈಯುವ ಮೊರಬಕ್ಕೆ ಕರೆತಂದೆ. ಇಲ್ಲಿಯ ಕೆರೆ ಕುಡಿಯುವ ನೀರಿನದು. ಮೂವತ್ತು ವರ್ಷ ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದೆ, ಆ ಮೂವತ್ತೂ ವರ್ಷ ಆಕೆ ನೀರನ್ನು ಕೊಡದಲ್ಲಷ್ಟೇ ನೋಡಿದಳು. ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ನಾನು ನಿವೃತ್ತನಾಗಿ ಮನೆಗೆ ಬಂದ ದಿನ, ಕೊರಳಿನ ಹಾರ ತೆಗೆಯುವ ಮೊದಲೇ, "ಹಿತ್ತಲದಾಗ ಒಂದು ಈಜೂ ಹೊಂಡ ಕಟ್ಟಸ್ರಿ" ಅಂದಳು. ಕಟ್ಟಿಸಿದೆ. ನಮ್ಮ ಬೋರಿನ ನೀರು ಸವಳು, ಅದರಲ್ಲಿ ಬೇಳೆ ಬೇಯುವುದಿಲ್ಲ, ಈಜಲು ಅಡ್ಡಿಯಿಲ್ಲ. ದಿನಾ ಮಧ್ಯಾಹ್ನ ಸೀರೆಗೆ ಕಚ್ಚೆ ಹಾಕಿ ನೀರಿಗಿಳಿದು ಅಂಗಾತ ತೇಲುತ್ತಿದ್ದಳು. ನಾನು ದಂಡೆಯಲ್ಲಿ ಕೂತು ನೋಡುತ್ತಿದ್ದೆ. ನನಗೆ ಈಜು ಬರುವುದಿಲ್ಲ. ಐದೂ ಸಾಗರಗಳನ್ನು ನಕಾಶೆಯಲ್ಲಿ ಮಾತ್ರ ದಾಟಿದವನು ನಾನು.

ಹದಿನೈದು ದಿನಕ್ಕೆ ಹೊಸ ಬೇಡಿಕೆ ಬಂತು. ನೀರಿನಿಂದ ಮೇಲೆ ಬಂದರೆ ಕಲ್ಲು ಸುಡುತ್ತದೆ, ಕೂತು ಕೂದಲು ಆರಿಸಿಕೊಳ್ಳಲು ನೆರಳಿಲ್ಲ, ಹೊಂಡದ ಬದಿಗೆ ಒಂದು ಚಪ್ಪರ ಬೇಕು. ಗೌಂಡಿ ರಾಜೇಸಾಬರನ್ನು ಕರೆಸಿದೆ. ಅಗದಿ ಒಳ್ಳೆಯ ಕೆಲಸಗಾರ, ಅದಕ್ಕಿಂತ ಒಳ್ಳೆಯ ಮಾತುಗಾರ. "ಸರ, ಹಿತ್ತಲ ಗ್ವಾಡಿ ಇಷ್ಟ ಎತ್ತರ ಇದ್ರ ಗಾಳಿ ಎಲ್ಲಿಂದ ಬರಬೇಕ್ರಿ? ಅರ್ಧಾ ಇಳಸ್ತೀನಿ. ಇಳಸಿದ ಕಲ್ಲಾಗ ಚಪ್ಪರದ ಕೆಳಗ ಒಂದು ಕಟ್ಟಿ ಆಕ್ಕೈತಿ, ಹತ್ತ ಮಂದಿ ಕುಂದ್ರಬಹುದು" ಅಂದರು. ಮನೆಯಲ್ಲಿ ಇರುವವರು ನಾವಿಬ್ಬರು. ಆ ಹತ್ತು ಮಂದಿ ಯಾರು ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ನೀಲವ್ವ ಒಳಗಿನಿಂದ, "ಗ್ವಾಡಿ ಇರಲಿ ಬಿಡ್ರಿ" ಅಂದಳು. ಪಡುವಣ ಗಾಳಿ, ಮಾನ್ಸೂನು ಮಾರುತ ಇವುಗಳ ಬಗ್ಗೆ ಆಕೆಗೆ ಅರ್ಧ ತಾಸು ಪಾಠ ಮಾಡಿ ಗೋಡೆ ಇಳಿಸಿಬಿಟ್ಟೆ. ಆ ಗೋಡೆಯ ಆಚೆಗೇ ಊರವರು ಹೊಲಕ್ಕೆ ಹೋಗುವ ದಾರಿ.

ಮೊದಲು ಬಂದವರು ಪಕ್ಕದ ಮನೆಯ ಶಿವಪ್ಪ ಕಾಕಾ. ಮರುದಿನ ನಾಲ್ಕು ಮಂದಿ. ವಾರದೊಳಗೆ ಕಟ್ಟೆ ತುಂಬಿತು. ಹೆಸರಿನ ಬೆಳೆಗೆ ಬಿದ್ದ ಹುಳ, ಕಾಲುವೆಗೆ ಬಾರದ ನೀರು, ಯಾರ ಟ್ರ್ಯಾಕ್ಟರ್ ಯಾರ ಬದುವಿಗೆ ಹಾಯಿತು, ಎಲ್ಲ ಅಲ್ಲೇ ಇತ್ಯರ್ಥ. ಹೊಂಡ ನೋಡಿ ಒಬ್ಬರು, "ಸರ, ಇದರಾಗ ಮೀನ ಬಿಡ್ರಿ" ಎಂದರು. ಇನ್ನೊಬ್ಬರು ತಮ್ಮ ಎಮ್ಮೆಯನ್ನೇ ತಂದು ಬಿಡಲು ಸಿದ್ಧರಿದ್ದರು. ನೀಲವ್ವ ಕಚ್ಚೆ ಹಾಕಿಕೊಂಡು ಹಿತ್ತಲ ಬಾಗಿಲವರೆಗೆ ಬಂದು, ಇಣುಕಿ, ಒಳಗೆ ಹೋಗಿ ಚಹಾಕ್ಕೆ ಇಡುತ್ತಿದ್ದಳು. ಒಂದು ತಿಂಗಳು ನೀರಿಗೆ ಇಳಿಯಲಿಲ್ಲ. ಹೊಂಡದ ನೀರು ಹಸಿರಾಯಿತು, ನನ್ನೊಂದಿಗೆ ಆಕೆಯ ಮಾತೂ ಕಡಿಮೆಯಾಯಿತು. ಈ ಜನಕ್ಕೆ ಮನೆಮಾರು ಇಲ್ಲವೇ ಎಂದು ಒಳಗೆ ಬಂದು ಹಲ್ಲು ಕಡಿಯುತ್ತಿದ್ದೆ. ಮತ್ತೆ ಹೊರಗೆ ಹೋಗಿ, "ಯಾಕ್ರೀ ಕಾಕಾ, ಇಷ್ಟ ಜಲ್ದಿ ಎದ್ರಿ?" ಎನ್ನುತ್ತಿದ್ದೆ.

ಕಳೆದ ಸೋಮವಾರ ನೀಲವ್ವ ಹೊಂಡ ಬರಿದು ಮಾಡಿಸಿ ಹೊಸ ನೀರು ತುಂಬಿಸಿದಳು. ಮಂಗಳವಾರ ಮಧ್ಯಾಹ್ನ, ಕಟ್ಟೆ ತುಂಬ ಜನ ಇದ್ದಾಗ, ಕಚ್ಚೆ ಹಾಕಿಕೊಂಡೇ ಹೊರಗೆ ಬಂದಳು. ಕೈಯಲ್ಲಿ ಎರಡು ಹಳೆಯ ಕೌದಿ. "ಕಾಕಾ, ನಾ ಈಜಬೇಕ್ರಿ. ಚಾ ಮುಂದಿನ ಬಾಗಲಕ ಇಟ್ಟೇನಿ" ಅಂದಳು. ದನಿ ಏರಿಸಲಿಲ್ಲ. ಇಡೀ ಕಟ್ಟೆ ಎದ್ದು ನಿಂತಿತು. ಅವರ ಬೆನ್ನು ತಿರುಗುವ ಮೊದಲೇ ಮೋಟುಗೋಡೆಯ ಮೇಲಕ್ಕೆ ಚಾಚಿದ್ದ ಚಪ್ಪರದ ತಗಡಿನ ಅಂಚಿಗೆ ಕೌದಿಗಳನ್ನು ಪರದೆಯಂತೆ ಇಳಿಬಿಟ್ಟಳು. ಇಷ್ಟು ಮಾತು ಹೇಳಲು ನನಗೆ ಒಂದು ತಿಂಗಳಿಂದ ಆಗಿರಲಿಲ್ಲ.

ಮುಂಬಾಗಿಲಲ್ಲಿ ನಿಂತೇ ಚಹಾ ಕುಡಿದ ಕಾಕಾ ಮೆಲ್ಲಗೆ ಅಂದರು: "ಸರ, ಸಿಟ್ಟ ಆಗಬ್ಯಾಡ್ರಿ. ನನ್ನ ಹೊಲದಾಗ ಕಸಾ ಮೊಣಕಾಲಮಟ ಬಂದೈತಿ. ದಿನಾ ನೆಟ್ಟಗ ಹೊಲಕ್ಕ ಹೋಗೂಣು ಅಂತ ಬರ್ತೀನಿ, ನೀವು ಗ್ವಾಡಿ ಮ್ಯಾಲಿಂದ ಕೈ ಮಾಡಿ ಕರೀತೀರಿ. ನನ್ನ ಮಕ್ಕಳಿಗೆ ಕಲಿಸಿದ ಮಾಸ್ತರು ನೀವು, ಒಲ್ಲೆ ಅಂತ ಹ್ಯಾಂಗ ಅನ್ನೂದು?" ಉಳಿದವರೂ ತಲೆ ಆಡಿಸಿದರು. ನಮ್ಮ ಚಹಾದಿಂದ ತಮಗೆ ಪಿತ್ತ ಏರಿದೆ ಎಂದು ಒಬ್ಬರು ಹೇಳಿಯೇ ಬಿಟ್ಟರು.

ಅವರೆಲ್ಲ ಹೋದ ಮೇಲೆ ಹಿತ್ತಲಿನಿಂದ ನೀರಿನ ಸದ್ದು ಕೇಳಿಸಿತು. ನಾಚಿಕೆಯಾಯಿತು, ಸಂತೋಷವೂ ಆಯಿತು. ನೋಡೋಣವೆಂದು ಹಿಂದಕ್ಕೆ ಹೊರಟೆ. "ನೀವು ಅಲ್ಲೇ ಇರ್ರಿ. ಇಲ್ಲಿ ಬಂದ್ರ ಮತ್ತ ಯಾರನರ ಕರೀತೀರಿ" ಎಂದು ನೀರಿನಿಂದಲೇ ಅಪ್ಪಣೆಯಾಯಿತು. ಮುಂಬಾಗಿಲ ಮೆಟ್ಟಿಲ ಮೇಲೆ, ನಡುನೆತ್ತಿಯ ಬಿಸಿಲಿನಲ್ಲಿ, ಒಬ್ಬನೇ ಕೂತೆ. ಯಾರೋ ಗುರುತಿಲ್ಲದವನೊಬ್ಬ ಮೋಟಾರ್ ಸೈಕಲ್ಲಿನ ಮೇಲೆ ಹೊರಟಿದ್ದ. ಅವನು ತನ್ನ ಪಾಡಿಗೆ ಹೋಗುತ್ತಿದ್ದ, ಕೈ ಎತ್ತಿದ್ದು ನಾನೇ. ಗಾಡಿ ನಿಲ್ಲಿಸಿ, "ಏನ್ರಿ?" ಅಂದ. "ಏನಿಲ್ರಿ, ಬರ್ರಿ, ಚಾ ಕುಡದ ಹೋಗೀರಂತ" ಅಂದೆ. ಚಹಾ ಮಾಡುವವಳು ನೀರಿನಲ್ಲಿದ್ದಾಳೆ ಎಂಬುದು, ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ ಮೇಲೆ ನೆನಪಾಯಿತು.