ಗೋಡೆಗೆ ಬಂದ ಸಮುದ್ರ

ಮನೆಯ ಗೋಡೆಗೆ ಚಿತ್ರ ತೂಗುಹಾಕುವುದೆಂದರೆ ಸಂಸಾರದಲ್ಲಿ ಅಭಿಪ್ರಾಯ ಹೇಳಿದ ಹಾಗೆ. ಹೇಳುವುದು ಸುಲಭ. ಹೇಳಿದ ಮೇಲೆ ಅದು ಅಲ್ಲೇ ಇರುತ್ತದೆ, ಬೆಳಿಗ್ಗೆ ಎದ್ದು ನೋಡಿದರೂ ಇರುತ್ತದೆ, ತೆಗೆದುಬಿಟ್ಟರೆ ಮೊಳೆಯ ತೂತು ಉಳಿಯುತ್ತದೆ. ಹೈದರಾಬಾದಿನ ತಾರ್ನಾಕದ ನಮ್ಮ ಮನೆಯ ಹಜಾರದಲ್ಲಿ ಬಹಳ ವರ್ಷ ಒಂದು ಕ್ಯಾಲೆಂಡರ್ ಬಿಟ್ಟು ಬೇರೇನೂ ಇರಲಿಲ್ಲ. ತಿಂಗಳಿಗೊಮ್ಮೆ ತನ್ನ ಅಭಿಪ್ರಾಯ ಬದಲಾಯಿಸುವ ಕ್ಯಾಲೆಂಡರಿನಷ್ಟು ಆಧುನಿಕವಾದ ಚಿತ್ರ ಇನ್ನೊಂದಿಲ್ಲ ಎಂದು ನಾನೇ ನಾಲ್ಕು ಜನರೆದುರು ಹೇಳಿಕೊಂಡು ತಿರುಗಿದ್ದೆ. ಹಾಗೆ ತಿರುಗಿದವನೇ ಒಂದು ಸಮುದ್ರವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ರೋ ಹತ್ತಿದ್ದಕ್ಕೆ ಕಾರಣ ನನ್ನ ಹೆಂಡತಿ ಗಿರಿಜೆಯ ಅಣ್ಣನ ಒಂದು ಫೋನು.

ನಾನು ಬೀದರ್ ಕಡೆಯವನು, ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸಕ್ಕೆಂದು ಹೈದರಾಬಾದಿಗೆ ಬಂದವನು. ಗಿರಿಜೆ ಕುಮಟಾ ಕಡೆಯ ಕಡಲದಂಡೆಯ ಹುಡುಗಿ. ಅವಳ ಸೋದರಮಾವ ನಮ್ಮ ಕಾರ್ಖಾನೆಗೆ ವರ್ಗವಾಗಿ ಬಂದು, ನನ್ನ ಊಟದ ಡಬ್ಬಿಯ ಸ್ಥಿತಿ ನೋಡಿ ಮರುಗಿ ಮಾಡಿದ ಸಂಬಂಧ ನಮ್ಮದು. ಮದುವೆಯಾದ ಹೊಸತರಲ್ಲಿ ಹುಸೇನ್ ಸಾಗರದ ದಂಡೆಗೆ ಕರೆದುಕೊಂಡು ಹೋಗಿದ್ದೆ. ಅವಳು ಸ್ವಲ್ಪ ಹೊತ್ತು ನೋಡಿ, "ಉಪ್ಪಿಲ್ಲದ್ದಕ್ಕೆ ಸಾಗರ ಅಂತೀರಾ ನೀವು?" ಎಂದಿದ್ದಳು. ಅದನ್ನು ಅವಳು ಹೇಳಿದಳೋ, ನಾನೇ ಆಮೇಲೆ ಅವಳ ಬಾಯಲ್ಲಿ ಇಟ್ಟೆನೋ ಈಗ ಖಾತ್ರಿಯಿಲ್ಲ. ಇಷ್ಟು ಚೆನ್ನಾಗಿ ಕೂತ ಮಾತು ನೆನಪಾದಾಗಲೆಲ್ಲ ನನಗೆ ಅನುಮಾನ ಬರುತ್ತದೆ.

ಅಣ್ಣನ ಫೋನಿನ ಸಾರ ಇಷ್ಟು: ತವರಿನ ಮನೆ ಮಾರಾಟವಾಗಿದೆ. ಕೊಂಡವರು ಅಲ್ಲಿ ಪ್ರವಾಸಿಗರ ವಸತಿಗೃಹ ಕಟ್ಟುತ್ತಾರೆ. ಮಳೆಗಾಲಕ್ಕೆ ಮೊದಲು ಕೆಡವುತ್ತಾರೆ. ಬಂದು ಒಮ್ಮೆ ನೋಡಿ ಹೋಗು.

ಗಿರಿಜೆ, "ನಾ ಬರೂದಿಲ್ಲ," ಎಂದಳು. ನಂತರ ಇನ್ನೇನೋ ಕೇಳಬೇಕೆನ್ನಿಸಿ, "ಅಡುಗೆಮನೆ ಕಿಟಕಿ ಹಾಗೇ ಉಂಟಾ? ಸಮುದ್ರ ಕಾಣ್ತದಲ್ಲ, ಅದು?" ಎಂದಳು.

ಫೋನು ಸ್ಪೀಕರಿನಲ್ಲಿತ್ತು. ಅಣ್ಣ ನಕ್ಕ. "ಯಾವ ಸಮುದ್ರ ಮಾರಾಯ್ತಿ? ಆ ಕಿಟಕಿಗೆ ಕಾಣೂದು ನೆರೆಮನೆ ಕೊಟ್ಟಿಗೆಯ ಹೆಂಚಿನ ಮಾಡು. ಯಾವಾಗ್ಲೂ ಅದೇ ಇದ್ದದ್ದು. ನಿಂಗೆ ಕನಸು."

ಅವಳು ಫೋನು ಇಟ್ಟಳು. ನಾನು ಸುಮ್ಮನಿರಬಹುದಿತ್ತು. ಆದರೆ ಜ್ಞಾಪಕ ಎನ್ನುವುದು ನಂಬಿಕೆಗೆ ಅರ್ಹವಲ್ಲ, ಅದು ಪ್ರತಿ ಸಲ ಹೊಸದಾಗಿ ಬಣ್ಣ ಬಳಿಯುವ ಕೆಲಸ ಎಂದು ನಾನು ಬಹಳ ಕಾಲದಿಂದ ವಾದಿಸುತ್ತ ಬಂದವನು. ಸಾಕ್ಷಿ ಎದುರಿಗೇ ಸಿಕ್ಕಾಗ ಬಿಡಲಾಗಲಿಲ್ಲ. "ನೋಡಿದೆಯಾ," ಎಂದು ಶುರುಮಾಡಿದೆ. ಅವಳು ಕೇಳಿಸಿಕೊಂಡು, ಕುಕ್ಕರಿನ ಕಡೆ ತಿರುಗಿ, "ನಾ ಹೋಗಿ ನೋಡಿ, ಕಾಣದೇ ಇದ್ರೆ?" ಎಂದಳು. ನನಗಲ್ಲ, ಕುಕ್ಕರಿಗೂ ಅಲ್ಲ. ಮಸಾಲೆ ಅರೆಯುತ್ತ ಅಮ್ಮನ ಪಕ್ಕ ಕೂತು ನೋಡಿದ ಆ ಒಂದು ಕಿಟಕಿಯ ನೆನಪಿನ ಮೇಲೆ ಅವಳು ಹೈದರಾಬಾದಿನ ಅಷ್ಟೂ ಬೇಸಿಗೆಗಳನ್ನು ಕಳೆದಿದ್ದಳು ಎಂಬುದು ನನಗೆ ತಿಳಿದಿರಲಿಲ್ಲ.

ಅದೇ ವಾರ ಮಾದಾಪುರದ ಕಲಾಪ್ರದರ್ಶನವೊಂದರಲ್ಲಿ ಆ ಚಿತ್ರ ಕಂಡಿತು. ಕಡಲತೀರವೇ, ಆದರೆ ನವ್ಯದ್ದು. ಕೆಳಗೆ ಮಣ್ಣಿನ ಬಣ್ಣದ ದಪ್ಪ ಪಟ್ಟಿ, ನಡುವೆ ಹಸಿರೂ ಅಲ್ಲದ ಬೂದಿಯೂ ಅಲ್ಲದ ಪಟ್ಟಿ, ಮೇಲೆ ಮಾಸಿದ ಬಿಳಿ. ನಡುವಿನ ಪಟ್ಟಿಯನ್ನು ಚಾಕುವಿನಿಂದ ಕೆರೆದಂತೆ ಒಂದು ಓರೆ ಕಪ್ಪು ಗೆರೆ. ತೆಂಗಿನ ಮರವಿಲ್ಲ, ಸೂರ್ಯಾಸ್ತವಿಲ್ಲ, ಯಾರ ಬಾಲ್ಯವೂ ಇಲ್ಲ. ಇದು ಸುಳ್ಳು ಹೇಳದ ಸಮುದ್ರ, ಗಿರಿಜೆಗೆ ಬೇಕಾದದ್ದು ಇದೇ ಎಂದು ಅದರ ಮುದ್ರಿತ ಪ್ರತಿಯನ್ನು ಕೊಂಡೆ. ಕೆಡವುವ ಮನೆಗೆ ಅಷ್ಟು ದೂರ ಬಸ್ಸಿನಲ್ಲಿ ಹೋಗುವುದೂ ತಪ್ಪಿತು ಎಂಬ ಸಮಾಧಾನ ಒಳಗೊಳಗೇ ಇತ್ತು.

ಚೌಕಟ್ಟು ಹಾಕಿಸಲು ಬೇಗಂ ಬಜಾರಿನ ಒಂದು ಅಂಗಡಿಗೆ ಕೊಟ್ಟೆ. ಅಂಗಡಿಯವರು ನಮ್ಮ ಕಡೆಯವರೇ. ಎರಡು ದಿನ ಬಿಟ್ಟು ಹೋದರೆ ಚಿತ್ರಕ್ಕೆ ಅಗಲವಾದ ಕಪ್ಪು ಕಟ್ಟು, ಮೇಲಿನ ಎರಡು ಮೂಲೆಗೆ ಹಿತ್ತಾಳೆಯ ಕೊಕ್ಕೆ, ತಲೆಯ ಮೇಲೆ ಸಣ್ಣ ಕೆಂಪು ದೀಪ.

"ಈ ಹುಕ್ಕು, ಲೈಟು ಯಾಕ್ರಿ?" ಎಂದೆ.

"ಇಷ್ಟ್ ದೊಡ್ಡ ಸೈಜ್ ಹಾಲ್‌ನ್ಯಾಗ ಹಾಕ್ಲಾಕ ಮತ್ಯಾತಕ್ಕ ಮಾಡಸ್ತಾರ್ರಿ ಸಾಬ್? ಒಂದು ದೇವ್ರು, ಇಲ್ಲಾಂದ್ರ ಹೋದೋರು. ಇದ್ರಾಗ ದೇವ್ರು ಕಾಣ್ಲಿಲ್ಲ." ಅವರು ಗಾಜನ್ನು ಮೃದುವಾಗಿ ಒರೆಸಿದರು. "ಸಮಾಧಾನ ತಂದ್ಕೋರಿ. ಎಲ್ಲರೂ ಹೋಗೋರೇ."

ಬಿಚ್ಚಿಸಲು ಸಂಕೋಚವಾಯಿತು. ಅಷ್ಟು ಮನಃಪೂರ್ವಕ ಸಂತಾಪ ನಾನು ಬರೆದ ಯಾವ ನಕ್ಷೆಗೂ ಅದುವರೆಗೆ ಸಿಕ್ಕಿರಲಿಲ್ಲ.

ಗಿರಿಜೆ ಗೋಡೆಯ ಮುಂದೆ ನಿಂತು, "ಎಂತ ಇದು?" ಎಂದಳು.

"ಸಮುದ್ರ."

"ಎಲ್ಲಿ?"

ತೋರಿಸಿದೆ. ವಿವರಿಸಿದೆ. ಸಮುದ್ರವೆಂದರೆ ಅಲೆಯಲ್ಲ, ಒಂದು ಅಡ್ಡ ಒತ್ತಡ ಎಂದೆ. ಅವಳು ಪಾಠ ಕೇಳುವವಳಂತೆ ತಲೆಯಾಡಿಸಿದಳು. ಶುಕ್ರವಾರದ ಪೂಜೆಯಲ್ಲಿ ಉಳಿದ ಕನಕಾಂಬರದ ಮಾಲೆಯನ್ನು ತಂದು ಎರಡು ಕೊಕ್ಕೆಗಳ ನಡುವೆ ಇಳಿಬಿಟ್ಟಳು. "ಹುಕ್ಕು ಬರಿದಾಗಿದ್ರೆ ಚಂದ ಕಾಣೂದಿಲ್ಲ," ಎಂದಳು. ಕೆಂಪು ದೀಪದ ಗುಂಡಿಯನ್ನೂ ಅವಳೇ ಒತ್ತಿದಳು. ಆ ನಂತರ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಯಿತು. ನಾನು ಟಿವಿಯ ಧ್ವನಿ ಇಳಿಸಿಕೊಂಡೇ ನೋಡುತ್ತಿದ್ದೆ, ಯಾಕೆಂದು ಗೊತ್ತಿಲ್ಲದೆ.

ಹೀಗಿರುವಾಗ ಒಂದು ಸಂಜೆ ಎದುರುಮನೆಯ ಬಸಣ್ಣ ಬಂದರು. ಯಾದಗಿರಿಯವರು, ನಮ್ಮ ಕಾರ್ಖಾನೆಯಲ್ಲೇ ಇದ್ದವರು. ಬಾಗಿಲಲ್ಲೇ ಗಟ್ಟಿಯಾಗಿ ಕೂಗುವ ಮನುಷ್ಯ ಅಂದು ಹೊಸ್ತಿಲ ಮೇಲೆ ನಿಂತು ಗೋಡೆ ನೋಡಿದರು, ಚಪ್ಪಲಿಯನ್ನು ದೂರ ಬಿಟ್ಟರು, ಕೈಮುಗಿದು ಮೆಲ್ಲಗೆ ಕೂತರು.

"ಭಾಳ ಹಳೀ ಫೋಟೋ ಇರಬೇಕಲ್ರಿ," ಎಂದರು. "ಮಾರಿ ಎಲ್ಲಾ ಅಳಿಸಿಬಿಟ್ಟೈತಿ. ಬರೇ ಮೀಸಿ ಉಳದೈತಿ."

ನಾನು ನಗಲು ಬಾಯಿ ತೆರೆಯುವಷ್ಟರಲ್ಲಿ ಅವರು ಒಳಗಿನಿಂದ ಬಂದ ಗಿರಿಜೆಯ ಕಡೆ ತಿರುಗಿ, "ತಂಗೀ, ಯಾವಾಗ ಆತು?" ಎಂದರು.

"ಇನ್ನೂ ಆಗ್ಲಿಲ್ಲ ಬಸಣ್ಣ," ಎಂದಳು ಗಿರಿಜೆ. "ಮಳೆಗಾಲಕ್ಕಿಂತ ಮೊದ್ಲು ಆಗ್ತದಂತೆ."

ಬಸಣ್ಣ ಹೌಹಾರಿದರು. "ಏನ್ ಮಾತಾಡಾಕತ್ತಿ? ಜೀವಂತ ಇರೋರಿಗೆ ಮಾಲಿ ಹಾಕೀರಿ?"

ಆಗ ನಾನು ನಡುವೆ ಬಂದು ಎಲ್ಲವನ್ನೂ ಬಿಡಿಸಿ ಹೇಳಿದೆ: ಇದು ಮನುಷ್ಯರಲ್ಲ, ಕಡಲತೀರ, ಅದು ಮೀಸೆಯಲ್ಲ, ಗೆರೆ, ಹೋಗಲಿರುವುದು ಇವಳ ತವರಿನ ಮನೆ, ಇವಳು ಹೋಗಲು ಒಲ್ಲೆ ಎನ್ನುತ್ತಾಳೆ. ಬಸಣ್ಣ ಚಿತ್ರವನ್ನು ಇನ್ನೊಮ್ಮೆ ನೋಡಿ ನನ್ನನ್ನು ಕರುಣೆಯಿಂದ ನೋಡಿದರು. ನಂತರ ಚಿತ್ರವನ್ನೂ ನನ್ನನ್ನೂ ಬಿಟ್ಟು ಅವಳೊಡನೆ ಮಾತಾಡಿದರು.

"ಮನಿ ಆದ್ರೇನು, ಮಂದಿ ಆದ್ರೇನು ತಂಗೀ. ಇನ್ನಾ ನಿಂತೈತಿ ಅಂದ್ರ ಹೋಗಿ ಮಾತಾಡ್ಸಿ ಬಾ. ನಮ್ಮ ಕಡಿ, ಸಾಯೋರ ಕಡೀ ಭೆಟ್ಟಿಗೆ ಹೋಗದವ್ರು ತಿಥಿ ದಿನಕ್ಕ ಬಂದ್ರ ಒಳಗ ಕರ್ಯಾಂಗಿಲ್ಲ. ಹೊರಗ ಕುಂದ್ರಸಿ ಉಣಸ್ತಾರ."

"ಹೋದಾಗ ಗುರ್ತು ಸಿಗದಿದ್ರೆ?"

"ಕಡೀ ಭೆಟ್ಟ್ಯಾಗ ಯಾರಿಗೆ ಯಾರ ಗುರ್ತು ಸಿಗತೈತೆವ್ವ? ನಮ್ಮಪ್ಪ ನನ್ನ ಹಾಲಿನಾಂವ ಅಂತ ತಿಳದು ಬೈದ. ಬೈಸ್ಕೊಂಡು ಬಂದೆ. ಬೇಷ್ ಆತು."

ಬಸಣ್ಣ ಚಹಾ ಕುಡಿದು ಹೋದ ಮೇಲೆ ಗಿರಿಜೆ ಅಟ್ಟದಿಂದ ಚೀಲ ಇಳಿಸಿದಳು. ನನ್ನನ್ನು ಕರೆಯಲಿಲ್ಲ. ನಾನೇ ಹೊರಟೆ, ಅಣ್ಣ ಹೇಳಿದ್ದೇ ನಿಜವಾದರೆ ಅವಳ ಪಕ್ಕದಲ್ಲಿ ಒಬ್ಬರಿರಬೇಕಲ್ಲ ಎಂದು. ಅದು ಒಳ್ಳೆಯ ಕಾರಣ. ನನ್ನ ವಾದ ಗೆಲ್ಲುವುದನ್ನು ಕಣ್ಣಾರೆ ನೋಡುವ ಆಸೆಯೂ ಚೀಲದ ತಳದಲ್ಲಿ ಬಂದಿರಬೇಕು.

ನಾವು ಹೋದಾಗ ಮನೆಯ ಹೆಂಚು ಅರ್ಧ ಇಳಿಸಿದ್ದರು. ಬಾಗಿಲುಗಳಿರಲಿಲ್ಲ. ಅಡುಗೆಮನೆಯ ಕಿಟಕಿ ನೆಲಕ್ಕೆ ಹತ್ತಿರ, ಬಹಳ ತಗ್ಗಿನಲ್ಲಿತ್ತು. ಅಣ್ಣನೂ ನಾನೂ ಮುಂದಾಗಿ ಹೋಗಿ ಅರ್ಧ ಬಗ್ಗಿ ನೋಡಿದೆವು. ನೆರೆಮನೆಯ ಕೊಟ್ಟಿಗೆಯ ಹೆಂಚಿನ ಮಾಡು, ಮೇಲೆ ಒಂದು ಕಾಗೆ. ಸಮುದ್ರದ ಸದ್ದು ಮಾತ್ರ ಕೇಳುತ್ತಿತ್ತು.

"ನಾ ಹೇಳಿದ್ನಲ್ಲ," ಎಂದ ಅಣ್ಣ. ನನಗೆ ಗೆದ್ದ ಖುಷಿ ಬರಬೇಕಿತ್ತು. ಬರಲಿಲ್ಲ. ಗಿರಿಜೆಯ ಮುಖ ನೋಡಲು ಧೈರ್ಯ ಸಾಲದೆ ಕಾಗೆಯನ್ನೇ ನೋಡುತ್ತಿದ್ದೆ.

ಅವಳು ನಮ್ಮ ಹಿಂದೆ ನೆಲದಲ್ಲಿ ಏನನ್ನೋ ಹುಡುಕುತ್ತಿದ್ದಳು. ಒರಳುಕಲ್ಲು ಇದ್ದ ಜಾಗ. ಕಲ್ಲು ಹೋಗಿತ್ತು, ನೆಲ ಗುಂಡಗೆ ತಗ್ಗಾಗಿತ್ತು. ಸೀರೆಗೆ ಧೂಳಾಗುವುದನ್ನು ಲೆಕ್ಕಿಸದೆ ಅದರ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತಳು.

"ನೀವಿಬ್ರೂ ಆಚೆ ಸರೀರಿ," ಎಂದಳು.

ಸರಿದೆವು. ಅವಳು ಕಿಟಕಿಯನ್ನೇ ನೋಡುತ್ತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಣ್ಣ ಗಾಬರಿಯಾಗಿ, "ಎಂತ ಆಯ್ತೇ?" ಎಂದ.

"ನೀ ಯಾವಾಗಾದ್ರೂ ಇಲ್ಲಿ ಕೂತಿದ್ಯಾ ಅಣ್ಣ?" ಎಂದಳು. "ಬಂದು, ಉಂಡು, ಎದ್ದು ಹೋಗ್ತಿದ್ದೆ."

ಗೋಡೆ ಹಿಡಿದು, ಮೊಣಕಾಲಿನ ಅನುಮತಿ ಪಡೆದು, ನಾನೂ ಅವಳ ಪಕ್ಕ ಕೂತೆ. ಅಷ್ಟು ತಗ್ಗಿನಿಂದ ನೋಡಿದಾಗ ಕೊಟ್ಟಿಗೆಯ ಮಾಡು ಮೇಲೆದ್ದಂತಾಗಿ, ಅದರ ಕೆಳಗೆ, ಕಂಬಗಳ ನಡುವೆ, ಗೇಣಗಲದ ಸಮುದ್ರವಿತ್ತು. ಅಲ್ಲಾಡುತ್ತಿತ್ತು. ಅದರ ಬಣ್ಣ ಯಾವುದೆಂದು ಹೇಳಲು ನನ್ನ ಬಳಿ ಸರಿಯಾದ ಶಬ್ದ ಒಂದೆರಡು ಇದ್ದವು. ಹೇಳಲು ಗಂಟಲು ಸರಿಪಡಿಸಿಕೊಂಡೆ.

ಗಿರಿಜೆ ಕಿಟಕಿಯಿಂದ ಕಣ್ಣು ತೆಗೆಯದೆ, "ಈಗ ಬೇಡ," ಎಂದಳು.