ಗೊರಕೆಗೆ ಒಬ್ಬ ಸಾಕ್ಷಿ

ಉಳ್ಳಾಗಡ್ಡಿ ಹರಾಜಿನ ಸವಾಲಿನಲ್ಲಿ ತಲೆ ಆಡಿಸಿದರೆ ಮಾಲು ಒಪ್ಪಿದಂತೆ. ನರಗುಂದದ ದಲಾಲಿ ಅಡತಿ ಅಂಗಡಿಯಲ್ಲಿ ತಲೆಗೂದಲು ಬೆಳ್ಳಗಾಗುವ ತನಕ ಗುಮಾಸ್ತಿಕೆ ಮಾಡಿದ ಪ್ರಭುಲಿಂಗಪ್ಪನಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಆ ಸೋಮವಾರ ತಲೆ ಆಡಿಸಿದ್ದು ಅವನಲ್ಲ, ನಿದ್ದೆ. ನಿಂತಲ್ಲೇ ತೂಕಡಿಸಿ ಅವನ ತಲೆ ಮುಂದಕ್ಕೆ ಬಿತ್ತು, ಸವಾಲು ಕೂಗುವವನು ‘ಆತು!’ ಅಂದ, ಅರ್ಧ ಕೊಳೆತ ಉಳ್ಳಾಗಡ್ಡಿಯ ದೊಡ್ಡ ರಾಶಿ ಅಂಗಡಿಯ ಮಾಲೀಕ ಶಿವನಪ್ಪ ಸಾವುಕಾರರ ಪಾಲಿಗೆ ಬಂತು.

ಸಾವುಕಾರರು ಬೈಯಲಿಲ್ಲ. ಮೂಗಿಗೆ ಶಲ್ಯದ ತುದಿ ಹಿಡಿದುಕೊಂಡು ರಾಶಿಯನ್ನು ಒಂದು ಸುತ್ತು ಬಂದರು.

“ಪ್ರಭುಲಿಂಗಪ್ಪ, ನಿಂತು ನಿದ್ದಿ ಮಾಡೂದಕ್ಕ ಕುದುರಿ ಅಂತಾರ. ನನಗ ಕುದುರಿ ಬ್ಯಾಡ, ಗುಮಾಸ್ತ ಬೇಕು. ಹುಬ್ಬಳ್ಳ್ಯಾಗ ಉಸಿರಿಂದು, ನಿದ್ದೀದು ನೋಡೋ ದೊಡ್ಡ ಡಾಕ್ಟರ್ ಅದಾರ. ಅವ್ರು ಇಂವಾ ಚಲೋ ಅದಾನ ಅನ್ನೂತನಕ ಅಂಗಡಿ ಮೆಟ್ಟಲಾ ಹತ್ತಬ್ಯಾಡ.”

ಗುರುವಾರ ಸಂಜೆಗೆ ಡಾಕ್ಟರನ್ನು ಕಾಣುವ ಪಾಳಿ ಸಿಕ್ಕಿತು. ಅವತ್ತು ಬೆಳಿಗ್ಗೆ ದವಾಖಾನೆಯ ಹುಡುಗಿ ಫೋನು ಮಾಡಿದಾಗ ಪ್ರಭುಲಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದ. ಫೋನಿನ ದನಿ ಸಣ್ಣದು ಮಾಡುವುದು ಅವನಿಗೆ ತಿಳಿಯುತ್ತಿರಲಿಲ್ಲ. ಹೀಗಾಗಿ ಅವಳು ಹೇಳಿದ್ದನ್ನು ಇಡೀ ಓಣಿ ಕೇಳಿತು.

“ಇವತ್ತು ಹಗಲೊತ್ತು ಮಲಗಬಾರದು. ಚಹಾ ಕುಡಿಯಬಾರದು. ಹೊಟ್ಟೆ ತುಂಬ ಊಟ ಬೇಡ. ಸಡಿಲ ಬಟ್ಟೆ ಹಾಕ್ಕೊಂಡು ಬನ್ನಿ, ಕೊಳವೆ ಊದೋದಿರುತ್ತೆ. ಹಳೇ ಎಕ್ಸರೇ ಇದ್ರೆ ತನ್ನಿ. ಮತ್ತೆ ನಿಮ್ಮ ಗೊರಕೆ ಕೇಳಿದವರು ಒಬ್ಬರು ಜೊತೆಗೆ ಬರಬೇಕು.”

ಫೋನು ಇಟ್ಟಾಗ ಗೌರವ್ವ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗಂಡನ ಕೈಗೆ ಕೊಡಬೇಕಾದ ಚಹಾವನ್ನು ನೋಡಿ, ಗಂಡನನ್ನು ನೋಡಿ, ತಾನೇ ಕುಡಿದಳು.

“ಸಾಕ್ಷಿಗೆ ನೀನ ಬಾ,” ಎಂದ ಪ್ರಭುಲಿಂಗಪ್ಪ.

“ನಾ ಏನಂತ ಹೇಳ್ಲಿ? ಹಾಸಿಗಿಗೆ ಬಿದ್ನೆಂದ್ರ ಮ್ಯಾಲೆ ಮಾಡು ಬಿದ್ರೂ ನನಗ ಎಚ್ಚರಿಲ್ಲ. ಗೊರಕಿ ಹೊಡಿತೀರಿ ಅನ್ನೂದ ನನಗ ಮಂದಿ ಹೇಳಿ ಗೊತ್ತು.” ಆಮೇಲೆ ದನಿ ತಗ್ಗಿಸಿದಳು. “ಆ ಡಾಕ್ಟರ್ ಏನರ ಕೆಟ್ಟದ್ದು ಹೇಳಿದ್ರ ನಿಂತು ಕೇಳಾಕ ನನ್ನ ಕೈಲಿ ಆಗೂದಿಲ್ರೀ.”

ಆಗ ಒಂದೇ ಗೋಡೆಗೆ ಅಂಟಿದ ಪಕ್ಕದ ಮನೆಯ ಬಾಗಿಲಿನಿಂದ ಗವಿಸಿದ್ದಪ್ಪ ಮಾಸ್ತರರು ಹೊರಬಂದರು. ಒಂಟಿ ಜೀವ, ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಪ್ರಭುಲಿಂಗಪ್ಪನಿಗೆ ನಾಲ್ಕನೇ ಇಯತ್ತೆ ಕಲಿಸಿದವರು. ಅವನಿಗೆ ಮೊಮ್ಮಗ ಹುಟ್ಟಿದರೂ ಅವರ ಪಾಲಿಗೆ ಅವನು ಇನ್ನೂ ನಾಲ್ಕನೇ ಇಯತ್ತೆಯಲ್ಲೇ ಇದ್ದ.

“ಪ್ರಭ್ಯಾ, ಚಿಂತಿ ಬ್ಯಾಡ. ನಿನ್ನ ಗೊರಕಿ ನನ್ನಷ್ಟು ಯಾರೂ ಕೇಳಿಲ್ಲ. ನಡುವ ಒಂದ ಗ್ವಾಡಿ. ನಾ ಬರ್ತೇನಿ.”

“ನಿಮಗ್ಯಾಕ ತ್ರಾಸ ಗುರುಗಳ…”

“ಬಾಯಿ ಮುಚ್ಚು. ಲಗೂ ತಯಾರಾಗು.”

ಮುಂದಿನ ತಯಾರಿ ಪ್ರಭುಲಿಂಗಪ್ಪನ ಕೈಯಲ್ಲಿ ಉಳಿಯಲಿಲ್ಲ. ಗೌರವ್ವ ಟ್ರಂಕಿನ ತಳದಿಂದ ಒಂದು ಎಕ್ಸರೇ ಹುಡುಕಿ ತೆಗೆದಳು. ಗ್ರಹಣ ನೋಡಲು ಓಣಿಯಲ್ಲೆಲ್ಲ ತಿರುಗಿ ಬಂದಿದ್ದ ಅದು ಯಾರದು, ಯಾವ ಅಂಗದ್ದು ಎಂದು ಯಾರಿಗೂ ನೆನಪಿರಲಿಲ್ಲ. ಎದುರು ಮನೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದ ಮೆಹನಾಜ, ಪ್ರಭುಲಿಂಗಪ್ಪನ ಅಂಗಿಯ ಗುಂಡಿಗಳನ್ನು ಎಳೆದು ನೋಡಿ ತಲೆ ಅಲ್ಲಾಡಿಸಿದಳು.

“ಕಾಕಾ, ಇದರಾಗ ಊದಿದ್ರ ಗುಂಡಿ ಹಾರಿ ಡಾಕ್ಟರ್ ಕಣ್ಣಿಗೆ ಬೀಳ್ತಾವ. ನನ್ನ ಹತ್ರ ಒಂದು ದೊಡ್ಡ ಅಂಗಿ ಐತಿ. ಹೊಲಿದಿಟ್ಟು ಭಾಳ ದಿನ ಆತು, ಒಯ್ಯಾಕ ಬಂದಿಲ್ಲ. ಇವತ್ತೊಂದಿನ ಹಾಕ್ಕೊಂಡು ಬರ್ರಿ.”

ಹೊಸ ಬಿಳಿ ಅಂಗಿ. ಅದರೊಳಗೆ ಪ್ರಭುಲಿಂಗಪ್ಪ, ಮಾಲು ಖಾಲಿ ಮಾಡಿದ ಚೀಲದಲ್ಲಿ ಮರೆತು ಉಳಿದ ಒಂದೇ ಉಳ್ಳಾಗಡ್ಡಿಯಂತೆ ಕಾಣಿಸಿದ.

ಅರ್ಧ ರೊಟ್ಟಿ ತಿಂದು, ಚಹಾ ಇಲ್ಲದೆ, ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸು ಹತ್ತಿದಾಗ ಅವನ ಕಣ್ಣುರೆಪ್ಪೆಗಳು ಒದ್ದೆ ಗೋಣಿಯಷ್ಟು ಭಾರವಾಗಿದ್ದವು. ಕಿಟಕಿಯ ಗಾಳಿ ಬೇರೆ ಜೋಗುಳ ಹಾಡುತ್ತಿತ್ತು. ಊರು ದಾಟುವುದರೊಳಗೆ ತಲೆ ವಾಲಿತು. ಪಕ್ಕೆಗೆ ಮಾಸ್ತರರ ಮೊಣಕೈ ತಾಗಿತು.

“ಹದಿನೇಳರ ಮಗ್ಗಿ ಹೇಳು.”

“ಗುರುಗಳ, ಮಂದಿ ನೋಡ್ತಾರ್ರಿ.”

“ನೋಡ್ಲಿ. ಹದಿನೇಳೊಂದ್ಲೆ?”

ಪ್ರಭುಲಿಂಗಪ್ಪ ಹೇಳಿದ. ನಡುವೆ ತಪ್ಪಿದ. ಹಿಂದಿನ ಸೀಟಿನ ಹೆಂಗಸು ತಿದ್ದಿದಳು. ಬಸ್ಸು ನಕ್ಕಿತು. ಮತ್ತೆ ಮೊದಲಿನಿಂದ ಹೇಳಿಸಿದರು. ಹದಿನೆಂಟರ ಮಗ್ಗಿಗೆ ಬರುವ ಹೊತ್ತಿಗೆ ನಡುದಾರಿಯಲ್ಲಿ ಒಬ್ಬ ದಪ್ಪ ಮನುಷ್ಯ ಹತ್ತಿದ. ಕಂಬಿ ಹಿಡಿದು ನಿಂತವನು ಪ್ರಭುಲಿಂಗಪ್ಪನ ಕೊರಳಪಟ್ಟಿಯನ್ನೇ ದಿಟ್ಟಿಸಿದ. ಬಗ್ಗಿ ಬೆರಳಿನಿಂದ ಮುಟ್ಟಿಯೂ ನೋಡಿದ.

“ಈ ಅಂಗಿ ಎಲ್ಲಿ ಹೊಲಿಸಿದ್ರಿ ಅಣ್ಣಾರ?”

“ನಮ್ಮ ಓಣ್ಯಾಗ. ಮೆಹನಾಜ ಅಂತ.”

“ಹೌದೇನ್ರಿ? ನಾ ಟಿಪ್ಪುಸಾಬ. ನನ್ನ ಬಟ್ಟಿ ಅದು! ‘ಇನ್ನೂ ಹೊಲಿದಿಲ್ಲ ಭಾಯಿ’ ಅಂತ ಮುಂಜಾನೆ ಫೋನಿನ್ಯಾಗ ಹೇಳ್ಯಾಳ. ಇವತ್ತ ಹುಬ್ಬಳ್ಳ್ಯಾಗ ನನ್ನ ಮಗಳ ನಿಶ್ಚಿತಾರ್ಥ. ಅದಕ್ಕಂತನ ಕೊಟ್ಟಿದ್ದೆ. ನೋಡ್ರಿ, ಹಳೇ ಅಂಗ್ಯಾಗ ಹೊಂಟೇನಿ!”

ಮಗಳ ನಿಶ್ಚಿತಾರ್ಥ ಅಂದಮೇಲೆ ಏನು ವಾದ ಮಾಡುವುದು? ಪ್ರಭುಲಿಂಗಪ್ಪ ಕುಳಿತಲ್ಲೇ ಗುಂಡಿ ಬಿಚ್ಚಿದ. ಟಿಪ್ಪುಸಾಬ ಸಂಕೋಚದಿಂದ ತನ್ನ ಹಳೆಯ ಅಂಗಿಯನ್ನು ಕೊಡಲು ಬಂದ. ಆದರೆ ಅದರ ಬೆನ್ನು ಹರಿದಿತ್ತು. ಹೀಗೆ ಪ್ರಭುಲಿಂಗಪ್ಪ ಬನಿಯನ್ನಿನ ಮೇಲೆ ಟವೆಲ್ಲು ಹೊದ್ದು, ಕಂಕುಳಲ್ಲಿ ಎಕ್ಸರೇ ಇಟ್ಟುಕೊಂಡು ದವಾಖಾನೆಯ ಕಾಯುವ ಕೋಣೆಯ ತಣ್ಣನೆಯ ಗಾಳಿಯಲ್ಲಿ ನಡುಗುತ್ತ ಕೂತ. ಮಾಸ್ತರರು ಹತ್ತೊಂಬತ್ತರ ಮಗ್ಗಿ ಶುರು ಮಾಡಿಸಿದರು.

ಕೊನೆಗೂ ಒಳಗೆ ಕರೆದರು. ಡಾಕ್ಟರು ಕನ್ನಡಕ ಸರಿಸಿ ನೋಡಿದರು.

“ಸಡಿಲ ಬಟ್ಟಿ ಹಾಕ್ಕೊಂಡು ಬರ್ರಿ ಅಂದಿದ್ರು. ನೀವು ಬಟ್ಟೀನ ಬಿಟ್ಟು ಬಂದೀರಲ್ಲ!” ಎಕ್ಸರೇಯನ್ನು ಬೆಳಕಿಗೆ ಹಿಡಿದರು. “ಮತ್ತ ಇದು ಯಾರದೋ ಮೊಣಕಾಲು.”

ಕೊಳವೆ ಊದಿಸಿದರು. “ಊದೋ ಪ್ರಭ್ಯಾ! ಇನ್ನೂ ಊದು!” ಎಂದು ಮಾಸ್ತರರು ಕೂಗಿದ್ದಕ್ಕೆ ಹೊರಗೆ ಕೂತವರೆಲ್ಲ ಇಣುಕಿ ನೋಡಿದರು. ಪ್ರಭುಲಿಂಗಪ್ಪ ಕಣ್ಣಲ್ಲಿ ನೀರು ಬರುವ ತನಕ ಊದಿದ. ಶ್ವಾಸಕೋಶ ಗಟ್ಟಿಯಾಗಿದೆ ಎಂದರು ಡಾಕ್ಟರು.

“ರಾತ್ರಿ ನಡುವ ಎಚ್ಚರಾಗ್ತದೇನು?”

ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದ ಭಯವನ್ನು ಪ್ರಭುಲಿಂಗಪ್ಪ ಆಗ ಹೊರಗೆ ಹಾಕಿದ. “ಅದ ನೋಡ್ರಿ ಸಾಹೇಬ್ರ. ಇನ್ನೇನು ಗಾಢ ನಿದ್ದಿ ಹತ್ತಿತು ಅನ್ನೂದರಾಗ ಎದಿ ಧಡ್ ಧಡ್ ಅಂತೈತಿ. ಬೆಚ್ಚಿ ಎದ್ದು ಕುಂದರ್ತೇನಿ. ಎದ್ದ ಕೂಡ್ಲೆ ನಿಂತು ಬಿಡ್ತೈತಿ. ಮತ್ತ ಮಲಗಿದ್ರ ಮತ್ತ ಹಂಗ. ಬೆಳತನಕ ಇದ ಹಾಡು. ನಾ ಇನ್ನ ಭಾಳ ದಿನ ಇರೂದಿಲ್ಲಂತ ಅನಸೈತ್ರಿ.”

ಡಾಕ್ಟರ ಮುಖ ಗಂಭೀರವಾಯಿತು. ಎದೆಗೆ ತಂತಿ ಹಚ್ಚಿ ಇಸಿಜಿ ತೆಗೆಸಿದರು. ಅದರಲ್ಲೂ ಏನಿರಲಿಲ್ಲ.

“ಎಷ್ಟು ಸಲ ಧಡ್ ಅಂತದ?”

“ಮೂರು ಸಲ ರೀ. ಒಮ್ಮೊಮ್ಮೆ ನಾಕು.”

“ಹೃದಯ ಎಣಿಸಿ ಮೂರ ಸಲ ಬಡಕೊಳ್ಳೂದು ನಾ ಎಲ್ಲೂ ಓದಿಲ್ಲಲ್ಲ…”

“ಮೂರಕ್ಕ ಸುಮ್ಮನಾಗಲಿಲ್ಲಂದ್ರ ನಾಕನೇದ್ದು ಹಾಕ್ತೇನ್ರಿ,” ಎಂದರು ಮಾಸ್ತರರು.

ಡಾಕ್ಟರು ನಿಧಾನವಾಗಿ ಅವರ ಕಡೆಗೆ ತಿರುಗಿದರು. “ಏನು ಹಾಕ್ತೀರಿ?”

“ಬಡಿಗಿ ಏಟು ರೀ, ಗ್ವಾಡಿಗೆ. ನನಗ ಮೊದಲ ನಿದ್ದಿ ಕಡಿಮಿ. ಇವನ ಗೊರಕಿ ಶುರು ಆತಂದ್ರ ಎದ್ದು ಬಡೀತೇನಿ. ನಲವತ್ತು ವರ್ಷ ಸಾಲ್ಯಾಗ ಮೇಜು ಬಡಿದು ಹುಡುಗರನ್ನ ಸುಮ್ಮನ ಕೂಡಿಸಿದ ಕೈ ನೋಡ್ರಿ.”

ಪ್ರಭುಲಿಂಗಪ್ಪ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ಇಷ್ಟು ದಿನ ಸಾವೆಂದುಕೊಂಡಿದ್ದು ಮಾಸ್ತರರಾಗಿದ್ದರು.

“ನಿಮಗ ಸದ್ಯಕ್ಕ ಇರೂ ರೋಗ ಒಂದ. ನಿದ್ದಿಗೇಡು,” ಎಂದರು ಡಾಕ್ಟರು. “ಗ್ವಾಡಿ ಬಡ್ಯೂದು ಇವತ್ತಿಂದ ಬಂದ್. ಒಂದ ಮಗ್ಗಲಾಗಿ ಮಲಗ್ರಿ. ಅಂಗಾತ ಆದ್ರ ಮನಿಯವರು ಯಾರರ ಮೆಲ್ಲಕ ಹೊರಳಿಸ್ಲಿ. ಹದಿನೈದು ದಿನ ಬಿಟ್ಟು ಬರ್ರಿ. ಆಗೂ ಕಡಿಮಿ ಆಗಿಲ್ಲಂದ್ರ ಇಲ್ಲೇ ಮಲಗಿಸಿ ತಪಾಸಣಿ ಮಾಡೂಣು.”

“ಸಾವುಕಾರ್ರಿಗೆ ಚೀಟಿ ರೀ?”

“ನಿದ್ದಿ ಸರಿ ಹೋಗೂದು ನೋಡೇ ಕೊಡ್ತೇನಿ.”

ತಿರುಗಿ ಬರುವಾಗ ಮಾಸ್ತರರು ಮಗ್ಗಿ ಕೇಳಲಿಲ್ಲ. ಮೊಣಕೈಯನ್ನೂ ತಾಗಿಸಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತಿದ್ದರು. ಒಂದು ಸಲ ಮಾತ್ರ, “ಸುಮ್ಮನ ಆಗ್ತೀ ಅಂತ ಬಡೀತಿದ್ದೆ, ಎದ್ದು ಕುಂದರ್ತೀ ಅಂತ ಗೊತ್ತಿರಲಿಲ್ಲೋ ತಮ್ಮಾ,” ಎಂದರು. ಪ್ರಭುಲಿಂಗಪ್ಪನಿಗೆ ಸಿಟ್ಟು ಬಂದಿತ್ತು, ಆದರೆ ಗುರುಗಳ ಆ ದನಿಗೆ ಅದು ಎಲ್ಲೋ ಇಳಿದುಹೋಯಿತು. “ಇರಲಿ ಬಿಡ್ರಿ,” ಎಂದ. ಇವತ್ತು ಬೇಗ ಮಲಗಬೇಕು, ಗೋಡೆ ಸುಮ್ಮನಿರುತ್ತದೆ, ಅಷ್ಟು ಸಾಕು ಅನ್ನಿಸಿತು.

ಮನೆ ಮುಟ್ಟಿದಾಗ ರಾತ್ರಿ ಊಟದ ಹೊತ್ತು ಮೀರಿತ್ತು. ಗೌರವ್ವ ಬಾಗಿಲಲ್ಲೇ ನಿಂತಿದ್ದಳು. ಗಂಡನ ಬನಿಯನ್ ನೋಡಿ ಗಾಬರಿಯಾದಳು. ಏನೂ ಆಗಿಲ್ಲ ಎಂದು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುಕ್ಷಣವೇ ಅವಳ ಮುಖ ಬಾಡಿತು.

“ಹೊರಳಿಸಬೇಕಂದ್ರ ನನಗ ಎಚ್ಚರ ಆಗಬೇಕಲ್ರೀ?”

ಮಾಸ್ತರರು ತಮ್ಮ ಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಪಡಸಾಲೆಯ ಬಾಗಿಲಲ್ಲಿ ಮೊದಲು ಹೊರಸು ಮಂಚದ ಒಂದು ಕಾಲು ಕಾಣಿಸಿತು, ಆಮೇಲೆ ಹೊರಸು, ಅದರ ಹಿಂದೆ ಮಾಸ್ತರರು.

“ಹದಿನೈದು ದಿನ ನಾ ಇಲ್ಲೇ ಇರ್ತೇನಿ ಗೌರವ್ವಾ. ನನಗೂ ನಿದ್ದಿ ಇಲ್ಲ. ಇವನ ಮಗ್ಗಲಕ್ಕ ಕುಂತು ನೋಡ್ತೇನಿ. ಅಂಗಾತ ಆದ ಅಂದ್ರ ಹೊರಳಸ್ತೇನಿ. ಮಾಡಿದ ತಪ್ಪಿಗೆ ಇಷ್ಟರ ಮಾಡಬೇಕು.”

“ನಿಮ್ಮಂಥ ಪುಣ್ಯಾತ್ಮರು ಎಲ್ಲೆದಾರ್ರಿ!” ಎಂದು ಗೌರವ್ವ ಹೊರಸಿನ ಇನ್ನೊಂದು ತುದಿ ಹಿಡಿದಳು. ಗಂಡನ ಹಾಸಿಗೆಗೆ ತಾಗಿಸಿ ಹಾಕಿದಳು. ತಾನು ಒಳಗೆ ಹೋಗಿ ಮಲಗಿದಳು, ಆ ಕ್ಷಣವೇ ನಿದ್ದೆ ಹೋದಳು.

ಇಡೀ ದಿನ ನಿದ್ದೆಯನ್ನು ಬಾಗಿಲಾಚೆ ನಿಲ್ಲಿಸಿದ್ದ ಪ್ರಭುಲಿಂಗಪ್ಪ ಮಗ್ಗುಲಾಗಿ ಕಣ್ಣು ಮುಚ್ಚಿದ. ಒಂದು ಗೇಣಿನ ದೂರದಲ್ಲಿ ಮಾಸ್ತರರು ಕನ್ನಡಕ ಏರಿಸಿ, ಕೈಕಟ್ಟಿ, ಅವನ ಮುಖವನ್ನೇ ನೋಡುತ್ತ ಕೂತಿದ್ದರು. ಬಹಳ ಹೊತ್ತು ಹಾಗೇ ಕಳೆಯಿತು.

“ಪ್ರಭ್ಯಾ.”

“ರೀ ಗುರುಗಳ.”

“ನಿದ್ದಿ ಹತ್ತಿತೇನು?”