ಸಿಂಗಲ್ ಓನರ್ ಗಾಡಿ

ಹೊಳೆನರಸೀಪುರದ ಸಿದ್ದೇಶ್ವರನಿಗೆ ಎಂಜಿನ್ನಿನ ನಾಡಿ ಹಿಡಿದು ಆಯುಷ್ಯ ಹೇಳುವ ವಿದ್ಯೆ ಒಲಿದಿತ್ತು. ಒಲಿದಿದೆ ಎಂದು ಅವನೇ ಹೇಳುತ್ತಿದ್ದ. ಆ ಧೈರ್ಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಘೋಷಿಸಿದ: "ಈ ಮನೆಗೆ ಎಸ್‌ಯುವಿ ಬಂದೇ ಬರುತ್ತೆ!"

ಗಾಡಿ ಅರಕಲಗೂಡಿನ ಪಾಲಾಕ್ಷನದು. ಆಗಲೇ ಎರಡು ಲಕ್ಷ ನಲವತ್ತು ಸಾವಿರ ಕಿಲೋಮೀಟರ್ ಓಡಿತ್ತು.

"ಅಷ್ಟು ಓಡಿರೋದು ಸುಸ್ತಾಗಿರಲ್ವೇನ್ರೀ?" ಎಂದಳು ಹೆಂಡತಿ ಪ್ರೇಮಕುಮಾರಿ, ಒಂದು ಕೈಯಲ್ಲಿ ದೋಸೆ ಮಗುಚುತ್ತ, ಇನ್ನೊಂದರಲ್ಲಿ ಮಿಕ್ಸಿಯ ಮುಚ್ಚಳ ಒತ್ತಿ ಹಿಡಿದು.

"ಓಡಿದಷ್ಟೂ ಪಳಗುತ್ತೆ ಕಣೇ! ನಿನ್ನ ಸ್ಕೂಟರ್ ಮಾರಿಬಿಡೋಣ. ಎಲ್ಲಿಗೆ ಬೇಕೋ ನಾನೇ ಬಿಡ್ತೀನಿ."

ದೋಸೆ ಸೀದುಹೋಯಿತು. ಅವಳು ಪಾಠ ಹೇಳುವ ಶಾಲೆ, ರೇಷನ್ನು, ಅತ್ತೆಯ ಮಾತ್ರೆ, ಹಿಟ್ಟಿನ ಗಿರಣಿ, ಇಡೀ ಸಂಸಾರ ಆ ಸ್ಕೂಟರಿನ ಮೇಲೇ ಓಡುತ್ತಿತ್ತು. ಹಿಂದೊಮ್ಮೆ "ಬಸ್ ಸ್ಟ್ಯಾಂಡಿಗೆ ನಾನೇ ಬಿಡ್ತೀನಿ" ಎಂದವನು ಷರ್ಟು ಹುಡುಕುವಷ್ಟರಲ್ಲಿ ಎರಡು ಬಸ್ಸು ಹೋಗಿದ್ದವು.

"ನಾನೂ ಬತ್ತೀನಿ," ಎಂದಳು.

"ಬಾ, ನಿಂಬೆಹಣ್ಣು ತಗೋ. ಪೂಜೆ ಮಾಡ್ಕೊಂಡೇ ತಂದ್ಬಿಡೋಣ!"

ಹೋದದ್ದು ಅದೇ ಸ್ಕೂಟರಿನಲ್ಲಿ.

ಪಾಲಾಕ್ಷನ ಮನೆ ಮುಂದೆ ಗಾಡಿ ಆಗಲೇ ಗುರ್‌ಗುಟ್ಟುತ್ತ ನಿಂತಿತ್ತು. "ನೀವು ಬತ್ತೀರ ಅಂತ ಬೆಚ್ಚಗೆ ಮಾಡಿಟ್ಟಿವ್ನಿ ಸಾ. ಸಿಂಗಲ್ ಓನರ್ ಗಾಡಿ!"

ಎಂಥ ಮರ್ಯಾದಸ್ಥ! ಸಿದ್ದೇಶ್ವರ ಕರಗಿಹೋದ. ಬಾನೆಟ್ಟಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ. ನಾಲ್ಕೂ ಟೈರುಗಳನ್ನು ಒದ್ದ. ಪ್ರೇಮಕುಮಾರಿಯೂ ಬಗ್ಗಿ ನೋಡಲು ಹೋದಳು.

"ನಿಂಗೇನು ಗೊತ್ತಾಗುತ್ತೆ? ಒಳಗೆ ಹೋಗಿ ಕಾಫಿ ಕುಡಿ, ಹೋಗು."

"ಧನಾ, ಅಕ್ಕಾರ್ಗೆ ಕಾಫಿ ಕೊಡು!" ಎಂದು ಪಾಲಾಕ್ಷ ಹೆಂಡತಿಯನ್ನು ಕೂಗಿದ.

ಗಂಡಸರು ಮುಕ್ಕಾಲು ಗಂಟೆ ಎಂಜಿನ್ ಶಾಸ್ತ್ರ ಮಾತಾಡಿದರು. ಪ್ರೇಮಕುಮಾರಿ ಹೊರಬಂದಾಗ ಅವಳ ಕಂಕುಳಲ್ಲಿ ಧನಲಕ್ಷ್ಮಿ ಕೊಟ್ಟ ಒಂದು ಸಿಹಿಗುಂಬಳ, ಮುಖದಲ್ಲಿ ಒಂದು ನಗು.

"ಹೆಂಗಿದೇರಿ?"

"ಬೆಣ್ಣೆ ಕಣೇ, ಬೆಣ್ಣೆ!"

"ಹಾಗಾದ್ರೆ ಒಂದು ರೌಂಡ್ ಹೋಗೋಣ. ಗಣೇಶನ ಗುಡಿ ಮುಂದೆ ಆಫ್ ಮಾಡಿ ಕೈ ಮುಗೀರಿ. ದೇವರೆದುರು ಗುರ್ ಅನ್ನಿಸಬಾರದು."

ಭಕ್ತಿಯ ವಿಷಯದಲ್ಲಿ ಸಿದ್ದೇಶ್ವರ ಹೆಂಡತಿಯ ಮಾತು ಮೀರಿದವನಲ್ಲ. ಗುಡಿ ಬಂದದ್ದೇ ಕೀಲಿ ತಿರುಗಿಸಿದ.

"ಆಫ್ ಮಾಡ್ಬ್ಯಾಡಿ ಸಾ!" ಹಿಂದಿನ ಸೀಟಿನಲ್ಲಿದ್ದ ಪಾಲಾಕ್ಷ ಕಿರುಚಿದ. ತಡವಾಗಿತ್ತು.

ಕೈ ಮುಗಿದು ಮತ್ತೆ ಕೀಲಿ ತಿರುಗಿಸಿದರೆ, ಟಕ್. ಇನ್ನೊಮ್ಮೆ, ಟಕ್. ಆಮೇಲೆ ಅದೂ ಇಲ್ಲ.

"ಏನಿಲ್ಲ ಸಾ, ಒಂದೀಟು ತಳ್ಳುದ್ರಾಯ್ತು. ನಾನು ಸ್ಟೇರಿಂಗ್ ಹಿಡ್ಕೋತೀನಿ. ನೀವು, ಅಕ್ಕಾರು..."

ಅಕ್ಕಾರು ಆಗಲೇ ಗಂಡನನ್ನು ಇಳಿಸಿ ಡ್ರೈವರ್ ಸೀಟು ಹತ್ತಿದ್ದರು. ಕಾರಿನ ಲೈಸೆನ್ಸ್ ಬಂದ ಆರು ವರ್ಷಕ್ಕೆ ಇದೇ ಮೊದಲ ಪಟ್ಟಾಭಿಷೇಕ!

"ಸೆಕೆಂಡ್ ಗೇರ್, ಕ್ಲಚ್ ಒತ್ತಿ, ಓಟ ಬಂದ್ಮೇಲೆ ಬಿಡೋದು. ಧನಲಕ್ಷ್ಮಿ ಹೇಳ್ಕೊಟ್ಟಿದಾರೆ. ನೀವಿಬ್ರೂ ತಳ್ಳಿ."

"ಅವ್ಳು ಯಾವಾಗ ಯೋಳುದ್ಲು?"

"ಕಾಫಿ ಸೋಸುವಾಗ. ಓನರ್ ಒಬ್ರೇ ಅಂತೆ, ತಳ್ಳೋರು ಮೂರು ಜನ! ಧನಲಕ್ಷ್ಮಿ, ಅವರತ್ತೆ, ನಾದಿನಿ. ಹೋದ ತಿಂಗಳು ಮದುವೆ ಛತ್ರದಿಂದ ರೇಷ್ಮೆ ಸೀರೆ ಎತ್ತಿಕಟ್ಟಿ ತಳ್ಳಿದ್ರಂತೆ."

ಸಿದ್ದೇಶ್ವರ ತಳ್ಳಿದ. ಎರಡು ಲಕ್ಷ ನಲವತ್ತು ಸಾವಿರ ಕಿಲೋಮೀಟರಿಗೆ ಇನ್ನೂರು ಮೀಟರು ಸೇರಿಸಿದ ಕೀರ್ತಿ ಅವನದಾಯಿತು. ಗಾಡಿ ಕೆಮ್ಮಿ ಎದ್ದು, ಪ್ರೇಮಕುಮಾರಿ ಇಸ್ತ್ರಿ ಮಾಡಿಕೊಟ್ಟಿದ್ದ ಬಿಳಿ ಷರ್ಟಿನ ಮೇಲೆ ಹೊಗೆ ಕಾರಿ ಆಶೀರ್ವದಿಸಿತು.

ವಾಪಸು ಸ್ಕೂಟರ್ ಓಡಿಸಿದವಳು ಅವಳು. ಹಿಂದೆ ಕುಂಬಳಕಾಯಿ ತಬ್ಬಿಕೊಂಡು ಅವನು. ದಾರಿಯಲ್ಲಿ ಅವಳ ತಮ್ಮ ದಿಲೀಪನ ಫೋನು: ಗಾಡಿ ಹೇಗಿದೆ ಭಾವ?

"ಗಾಡಿ ಏನೋ ಬೆಣ್ಣೆ ಕಣೋ," ಎಂದ ಸಿದ್ದೇಶ್ವರ ಗತ್ತಿನಿಂದ. "ನಿಮ್ಮಕ್ಕಂಗೆ ಇಷ್ಟ ಆಗ್ಲಿಲ್ಲ, ಬಿಟ್ಟೆ."

ಸ್ಕೂಟರ್ ಗಕ್ಕನೆ ನಿಂತಿತು. ಎದುರಿಗೆ ಉದ್ದನೆಯ ಏರು.

"ಇಳೀರಿ. ಒಂದೀಟು ತಳ್ಳಿ."

"ಇದಕ್ಕೇನಾಯ್ತೇ?"

"ಇದಕ್ಕೇನೂ ಆಗಿಲ್ಲ. ಮಾರೋ ಯೋಚನೆ ಇನ್ನೂ ಇದ್ಯೋ ಹೆಂಗೆ ಅಂತ ಕೇಳೋಣ ಅಂದ್ಕೊಂಡೆ."

ಸಿದ್ದೇಶ್ವರ ಏರನ್ನು ನೋಡಿದ. ಕುಂಬಳಕಾಯಿಯನ್ನು ನೋಡಿದ. ಫೋನನ್ನು ಮತ್ತೆ ಕಿವಿಗಿಟ್ಟ.

"ದಿಲೀಪಾ, ಸ್ಕೂಟರಿಗೆ ಒಳ್ಳೇ ಸೀಟ್ ಕವರ್ ಎಲ್ಲಿ ಸಿಗುತ್ತೋ? ಹಿಂದಿನ ಸೀಟು ಸ್ವಲ್ಪ ಮೆತ್ತಗಿರಬೇಕು."